ಶನಿವಾರ ಮಧ್ಯಾಹ್ನದ ದೆವ್ವಗಳನ್ನು ವಾಪಸು ಕಳಿಸುವ ಬಗ್ಗೆ

ಟಿ.ವಿ. ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರ ಸೊಸೆ ಪ್ರತಿಮಾ ತಮಗೆ ಮಾಡುವ ಅನಂತ ನಮಸ್ಕಾರಗಳು. ಇತ್ತ ಮನೆಯಲ್ಲಿ ಎಲ್ಲರೂ ಕ್ಷೇಮ. ತಮ್ಮ ಕಚೇರಿಯಲ್ಲೂ ಎಲ್ಲರೂ ಕ್ಷೇಮವಾಗಿಯೇ ಇರಬೇಕು. ಮೈಯಲ್ಲಿ ಒಳ್ಳೆಯ ಆರೋಗ್ಯವೂ ಮನಸ್ಸಿನಲ್ಲಿ ಪೂರ್ತಿ ನೆಮ್ಮದಿಯೂ ಇಲ್ಲದೆ, ಚೆನ್ನಾಗಿ ಓಡಾಡಿಕೊಂಡಿದ್ದ ಒಂದು ಕಾರ್ಯಕ್ರಮದ ಕತ್ತು ಹಿಸುಕಿ, ಅದರ ಜಾಗದಲ್ಲಿ ಇನ್ನೊಂದನ್ನು ತಂದು ಕೂರಿಸಿ, ಅದಕ್ಕೆ ಹೂವಿನ ಹಾರ ಹಾಕಿ "ನಿಮ್ಮ ಮೆಚ್ಚಿನ ಸಮಯಕ್ಕೆ ಹೊಸ ಸಂಭ್ರಮ" ಎಂದು ಸಾರುವುದು ಯಾರಿಗೂ ಸಾಧ್ಯವಾಗುವ ಮಾತಲ್ಲ.

ತಮ್ಮ ಕೆಲಸದ ಒತ್ತಡದಲ್ಲಿ ಮರೆತಿರಬಹುದೆಂದು ನೆನಪಿಸುತ್ತೇನೆ. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ತಾವು ಒಂದು ದೆವ್ವದ ಸಿನಿಮಾ ಹಾಕುತ್ತಿದ್ದಿರಿ. ಕೆಲವು ನಮ್ಮವೇ ಆಗಿದ್ದರೂ ಹೆಚ್ಚಿನವು ಬೇರೆ ಭಾಷೆಗಳಿಂದ ಡಬ್ ಆಗಿ ಬಂದವು. ದೆವ್ವ ತನ್ನ ಭಾಷೆಯಲ್ಲಿ ಬಾಯಿ ತೆರೆದು ಮುಚ್ಚಿ, ಉಸಿರು ಬಿಟ್ಟು, ಕೂದಲು ಸರಿಮಾಡಿಕೊಂಡ ಮೇಲೆ "ನಿನ್ನನ್ನು ನಾನು ಎಂದೆಂದಿಗೂ ಬಿಡಲಾರೆನು" ಎಂಬ ಮಾತು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಕೇಳಿಬರುತ್ತಿತ್ತು. ಬದುಕಿದ್ದಾಗ ಯಾರೂ ಇಷ್ಟು ವ್ಯಾಕರಣಬದ್ಧವಾಗಿ ಮಾತಾಡುವುದಿಲ್ಲ, ಸತ್ತ ಮೇಲಾದರೂ ಜನ ಭಾಷೆ ಕಲಿಯುತ್ತಾರಲ್ಲ ಎಂಬ ಸಮಾಧಾನವನ್ನು ಕನ್ನಡಿಗರಿಗೆ ಕೊಟ್ಟ ಕೀರ್ತಿ ತಮ್ಮದು.

ತಮ್ಮ ಜಾಹೀರಾತುಗಳನ್ನು ಹೊಗಳದಿದ್ದರೆ ಕೃತಘ್ನಳಾಗುತ್ತೇನೆ. ಹುಡುಗಿ ನಡುಗುವ ಕೈಯಿಂದ ಕೋಣೆಯ ಬಾಗಿಲು ತಳ್ಳುವಷ್ಟರಲ್ಲಿ ಒಬ್ಬಾಕೆ ಬಂದು ತನ್ನ ಗಂಡನ ಅಂಗಿಯ ಕಾಲರಿನ ಕೊಳೆಯ ಬಗ್ಗೆ ಕಳವಳ ತೋಡಿಕೊಳ್ಳುತ್ತಿದ್ದಳು. ಆಮೇಲೆ ಸಿಮೆಂಟು, ಆಮೇಲೆ ಹಲ್ಲುಜ್ಜುವ ಪೇಸ್ಟು, ಆಮೇಲೆ ಮತ್ತೆ ಅದೇ ಕಾಲರು. ಬಾಗಿಲಾಚೆ ಏನಿದೆಯೋ ಎಂದು ಅಷ್ಟು ಹೊತ್ತು ಕಾಯುವುದರಲ್ಲಿ ನಮಗೆ ನಾವೇ ಹುಟ್ಟಿಸಿಕೊಳ್ಳುತ್ತಿದ್ದ ಭಯದ ಮುಂದೆ, ಆಮೇಲೆ ಒಳಗಿನಿಂದ ಹಾರಿಬರುತ್ತಿದ್ದ ಬೆಕ್ಕು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಭಯ ಇರುವುದು ಕಾಯುವುದರಲ್ಲಿ ಎಂಬ ದೊಡ್ಡ ಸತ್ಯವನ್ನು ತಾವು ಬಟ್ಟೆ ಸೋಪು ಮಾರುತ್ತಲೇ ನಾಡಿಗೆ ಕಲಿಸಿಕೊಟ್ಟಿರಿ.

ಇನ್ನು ನನ್ನ ಸಂಗತಿ. ನಾನು ಜಾವಗಲ್ಲಿನವಳು. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ನನಗೆ ಎರಡು ಭಯಗಳಿದ್ದವು. ಒಂದು ತಮ್ಮ ಶನಿವಾರದ ದೆವ್ವ, ಇನ್ನೊಂದು ನನ್ನ ಅತ್ತೆ ಶಾಂತಾದೇವಿಯವರು. ದೆವ್ವದ್ದು ಸಂಜೆ ಕಾಫಿಯ ಹೊತ್ತಿಗೆ ಮುಗಿದುಹೋಗುತ್ತಿತ್ತು. ಅತ್ತೆಯವರು ಕೂಗಾಡುವವರಲ್ಲ, ಬೈಯುವವರೂ ಅಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರೆ, ಒಲೆಯ ಮೇಲಿನ ಹಾಲು ಕೂಡ ಉಕ್ಕುವ ಮೊದಲು ಅವರ ಮುಖ ನೋಡುತ್ತಿತ್ತು. ನಾನಂತೂ ಅವರೆದುರು "ಹೂಂ ಅತ್ತೆ", "ಆಗಲಿ ಅತ್ತೆ" ಬಿಟ್ಟು ಮೂರನೆಯ ಮಾತು ಆಡಿದ್ದಿಲ್ಲ.

ಶನಿವಾರ ಮಧ್ಯಾಹ್ನ ಮಾವನವರೂ ನನ್ನ ಗಂಡ ಮಹಾಂತೇಶರೂ ಕೊಬ್ಬರಿ ಮಂಡಿಯಲ್ಲಿರುತ್ತಿದ್ದರು, ಅತ್ತೆಯವರು ಒಳಗೆ ಮಲಗುತ್ತಿದ್ದರು. ನಾನು ಟಿ.ವಿ.ಯ ಸದ್ದನ್ನು ಇರುವೆ ಹರಿದಷ್ಟಕ್ಕೆ ಇಳಿಸಿ, ನೆಪಕ್ಕೆ ಒಂದು ಮೊರ ಅಕ್ಕಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಒಂದು ಶನಿವಾರ ತೆರೆಯ ಮೇಲೆ ಯಾರೋ ಬಾವಿಯಿಂದ ಮೇಲೆ ಬರುತ್ತಿದ್ದಾಗ ನನ್ನ ಬೆನ್ನಿಗೆ ಯಾರದೋ ನೆರಳು ತಾಕಿದಂತಾಗಿ ತಿರುಗಿದರೆ, ಅತ್ತೆಯವರು. ತಮ್ಮ ವಾಹಿನಿಯ ಅಷ್ಟೂ ದೆವ್ವಗಳಲ್ಲಿ ಒಂದಕ್ಕಾದರೂ ಹಾಗೆ ಸದ್ದಿಲ್ಲದೆ ಬಂದು ನಿಲ್ಲುವ ವಿದ್ಯೆ ಒಲಿದಿರಲಿಲ್ಲ ಎಂಬುದನ್ನು ಗೌರವಪೂರ್ವಕವಾಗಿ ತಿಳಿಸುತ್ತೇನೆ. ಅಕ್ಕಿಯೆಲ್ಲ ನೆಲದ ಪಾಲಾಯಿತು.

ಅತ್ತೆಯವರು ಅಕ್ಕಿಯನ್ನು ನೋಡಲಿಲ್ಲ. "ಸೌಂಡ್ ಜಾಸ್ತಿ ಮಾಡಮ್ಮ," ಎಂದರು. "ದೆವ್ವ ಇಷ್ಟು ಮೆತ್ತಗೆ ಬಂದ್ರೆ ಯಾರು ಹೆದರ್ತಾರೆ?"

ಹೀಗೆಂದು ದಿವಾನದ ಮೇಲೆ ಕೂತರು. ಆ ದಿನ ಸಿನಿಮಾ ಮುಗಿಯುವವರೆಗೆ ಏಳಲಿಲ್ಲ. ಮುಗಿದ ಮೇಲೆ ಹೇಳಿದರು: ಅವರ ತವರು ಹಾರನಹಳ್ಳಿ, ಚಿಕ್ಕವರಿದ್ದಾಗ ಊರಾಚೆ ಟೆಂಟ್ ಸಿನಿಮಾ ಬಂದಿತ್ತಂತೆ, ಹೆಣ್ಣುಮಕ್ಕಳು ದೆವ್ವದ ಸಿನಿಮಾ ನೋಡಬಾರದೆಂದು ಅಪ್ಪ ತಡೆದಿದ್ದಕ್ಕೆ, ಇವರು ಪರದೆಯ ಹಿಂಬದಿಯ ಹುಲ್ಲಿನಲ್ಲಿ ಕೂತು ಇಡೀ ಚಿತ್ರವನ್ನು ಎಡಬಲ ತಿರುಗುಮುರುಗಾಗಿ ನೋಡಿದ್ದರಂತೆ. "ಮದುವೆ ಆದಮೇಲೆ ಯಾರ ಹತ್ರ ಹೇಳ್ಕಳ್ಳಲಿ? ನಿಮ್ಮ ಮಾವ ಕೊಬ್ಬರಿ ಹರಾಜಲ್ಲಿ ಹುಲಿ. ಮನೇಲಿ ಕರೆಂಟ್ ಹೋದ್ರೆ ನನ್ನ ಸೆರಗು ಹುಡುಕ್ತಾರೆ."

ಅಂದಿನಿಂದ ಶನಿವಾರ ಎರಡು ಗಂಟೆ ನಮ್ಮಿಬ್ಬರದ್ದಾಯಿತು. ದೆವ್ವವೂ ಇಲ್ಲ ಭೂತವೂ ಇಲ್ಲವೆಂದು ನಮ್ಮ ಮಠದಲ್ಲಿ ಹೇಳುತ್ತಾರಲ್ಲ ಎಂದು ಒಮ್ಮೆ ನಾನು ಕೇಳಿದ್ದಕ್ಕೆ, "ಇಲ್ಲ ಅಂತ ಗೊತ್ತಿರೋದಕ್ಕೇ ಧೈರ್ಯವಾಗಿ ಹೆದರ್ಕಬೌದು ಕಣೇ. ಇರೋದಕ್ಕೆ ಹೆದರ್ಕಂಡ್ರೆ ಸಂಸಾರ ನಡಿಯುತ್ತಾ?" ಎಂದರು. ತಮ್ಮ ಚಿತ್ರಗಳ ಮೇಲೆ ಅವರು ಕೊಟ್ಟ ತೀರ್ಪುಗಳನ್ನೆಲ್ಲ ಬರೆದರೆ ತಾವು ಓದಲಾರಿರಿ, ಆದರೂ ಕೆಲವನ್ನು ಸೇವೆಯಲ್ಲಿ ಅರ್ಪಿಸುತ್ತೇನೆ. ಬಿಳಿ ಸೀರೆಯ ದೆವ್ವ ಬಂದರೆ, ಸ್ಮಶಾನದಲ್ಲಿದ್ದುಕೊಂಡು ಇಷ್ಟು ಬೆಳ್ಳಗೆ ಒಗೆಯಲು ಯಾವ ಅಗಸರನ್ನು ಇಟ್ಟುಕೊಂಡಿದ್ದಾಳೆಂದು ವಿಚಾರಿಸುತ್ತಿದ್ದರು. ಗೊಂಬೆಯೊಳಗೆ ಸೇರಿಕೊಂಡ ದೆವ್ವಕ್ಕೆ ಸ್ವಂತ ಮೈಕೈಯಿಲ್ಲದ ಸೋಮಾರಿ ಎಂದು ಹೆಸರಿಟ್ಟಿದ್ದರು. ಪಿಟೀಲು ಕುಯ್ಯತೊಡಗಿದ ಕೂಡಲೇ, "ಬಂತು ನೋಡು. ಮದುವೆ ಮನೆಗೆ ವಾಲಗದೋರು ಮೊದಲು ಬಂದಂಗೆ," ಎನ್ನುತ್ತಿದ್ದರು. ಮತ್ತು ಯಾವ ಸಿನಿಮಾದಲ್ಲೇ ಆಗಲಿ, ಮಹಡಿಯಲ್ಲಿ ಸದ್ದಾಯಿತೆಂದು ನಾಯಕಿ ಒಬ್ಬಳೇ ಮೆಟ್ಟಿಲು ಹತ್ತತೊಡಗಿದರೆ ಅವರ ಸಹನೆ ಮೀರುತ್ತಿತ್ತು. "ಮನೇಲಿರೋರನ್ನ ಎಬ್ಬಿಸಬಾರದಾ? ಬಾಯಿಲ್ವಾ ಇವಳಿಗೆ? ಒಬ್ಬಳೇ ಹೋಗಿ ಏನು ಸಾಧಿಸ್ತಾಳೆ?"

ಅವರ ಮೆಚ್ಚಿನದು ಮಾತ್ರ ಒಂದಿತ್ತು. ಅದರಲ್ಲಿ ರಕ್ತವಿಲ್ಲ, ಕೂದಲು ಕೆದರಿದವಳಿಲ್ಲ. ಹಗಲು ಹೊತ್ತು, ಒಬ್ಬಳೇ ಹೆಂಗಸು ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಾಳೆ, ಮನಸ್ಸು ಬೇರೆಲ್ಲೋ. ಒಂದು ಮಡಚಿ ಇಡುತ್ತಾಳೆ, ಪಕ್ಕಕ್ಕೆ ಕೈ ಚಾಚುತ್ತಾಳೆ, ಇನ್ನೊಂದು ಬಟ್ಟೆ ಕೈಗೆ ಬರುತ್ತದೆ. ಮತ್ತೆ ಮಡಚುತ್ತಾಳೆ, ಮತ್ತೆ ಕೈ ಚಾಚುತ್ತಾಳೆ. ಅವಳಿಗೆ ಬಟ್ಟೆ ಎತ್ತಿಕೊಡುತ್ತಿರುವವರು ಯಾರು ಎಂದು ನಮಗೆ ಹೊಳೆಯುವ ಹೊತ್ತಿಗೆ ಅರ್ಧ ಬಟ್ಟೆ ಮುಗಿದಿರುತ್ತದೆ. ಅವಳಿಗೆ ಇನ್ನೂ ಹೊಳೆದಿರುವುದಿಲ್ಲ. ಅತ್ತೆಯವರು ಅದನ್ನು ನೋಡುತ್ತಾ ಎರಡೂ ಕಾಲುಗಳನ್ನು ಮೆಲ್ಲಗೆ ದಿವಾನದ ಮೇಲಕ್ಕೆ ಎಳೆದುಕೊಂಡಿದ್ದರು. "ಇದಪ್ಪ ಭಯ ಅಂದ್ರೆ," ಎಂದರು. "ನಮಗೆ ಗೊತ್ತೈತೆ, ಅವಳಿಗೆ ಗೊತ್ತಿಲ್ಲ. ನಾವು ಕೂಗಿದ್ರೂ ಕೇಳಲ್ಲ."

ಮೊಬೈಲಿನಲ್ಲಿ ಬೇಕಾದಷ್ಟು ದೆವ್ವಗಳಿವೆಯಲ್ಲ, ನಮ್ಮನ್ನೇಕೆ ಪೀಡಿಸುತ್ತೀರಿ ಎಂದು ತಾವು ಈಗ ಕೇಳಬಹುದು. ನಾನೂ ಅವರಿಗೆ ಹಾಕಿ ತೋರಿಸಿದ್ದೆ. "ಬೆರಳಲ್ಲಿ ಒತ್ತಿದ್ರೆ ನಿಂತ್ಕಳೋ ದೆವ್ವ ದೆವ್ವಾನಾ? ಅದು ನಮ್ಮನೆ ಕೆಲಸದೋಳು," ಎಂದು ವಾಪಸು ಕೊಟ್ಟರು. ಊರಿಗೆಲ್ಲ ಒಂದೇ ಹೊತ್ತಿಗೆ ಬರುವ, ನಮ್ಮ ಮಾತು ಕೇಳದ, ನಾವು ಒಗ್ಗರಣೆ ಹಾಕಲು ಎದ್ದು ಹೋದರೆ ನಮಗಾಗಿ ಕಾಯದ ದೆವ್ವವೆಂದರೆ ತಮ್ಮದೊಂದೇ.

ಈ ನಡುವೆ ನಮ್ಮ ಅತ್ತೆಯವರು ತಮ್ಮ ಚಿತ್ರಗಳ ಬಗ್ಗೆ ಹೊಸದೊಂದು ದೂರು ಶುರುಮಾಡಿದರು. ಎಲ್ಲವನ್ನೂ ಬಹಳ ಕತ್ತಲೆಯಲ್ಲಿ ತೆಗೆಯುತ್ತಾರೆಂಬುದು. "ಈಗ ಬಂದೋರು ಯಾರು?", "ಬಾಗಿಲು ತೆಗೀತಾ?" ಎಂದು ನನ್ನನ್ನು ಕೇಳುವುದು ಹೆಚ್ಚಿತು. ನನಗೇನೂ ಅನ್ನಿಸಲಿಲ್ಲ. ದೆವ್ವದ ಸಿನಿಮಾದಲ್ಲಿ ಕರೆಂಟ್ ಬಿಲ್ ಉಳಿಸುವಷ್ಟು ನಮ್ಮ ಮನೆಗಳಲ್ಲೂ ಉಳಿಸುವುದಿಲ್ಲ. ನನಗೇ ಎಷ್ಟೋ ಸಲ ಹೀರೋ ಯಾರು, ಬೀರು ಯಾವುದು ತಿಳಿಯುತ್ತಿರಲಿಲ್ಲ. ಟಿ.ವಿ. ಹಳೆಯದಾಯಿತೆಂದು ಗಂಡನನ್ನು ಪೀಡಿಸಿ ಗೋಡೆಯಷ್ಟು ಅಗಲದ ಹೊಸದನ್ನು ತರಿಸಿದೆ. ಅತ್ತೆಯವರು ಅದರ ಮುಂದೆ ಕೂತು, "ಇದು ದೊಡ್ಡ ಕತ್ತಲು," ಎಂದರು. ಇಬ್ಬರೂ ನಕ್ಕೆವು. ತಮ್ಮ ಕತ್ತಲೆ ನಮ್ಮಿಂದ ಏನನ್ನು ಮುಚ್ಚಿಡುತ್ತಿತ್ತು ಎಂಬುದು ತಮಗೆ ಗೊತ್ತಿರಲಿಲ್ಲ, ತಮ್ಮ ತಪ್ಪಿಲ್ಲ. ನನಗೂ ಗೊತ್ತಿರಲಿಲ್ಲ.

ಆಮೇಲೊಂದು ಶನಿವಾರ ತಾವು ಅಪ್ಪಿತಪ್ಪಿ ಬೆಳಕಿರುವ ಸಿನಿಮಾ ಹಾಕಿದಿರಿ. ನಟ್ಟನಡು ಮಧ್ಯಾಹ್ನ, ಒಂದು ಅಂಗಳ, ಕಣ್ಣು ಚುಚ್ಚುವ ಬಿಸಿಲು. ಒಬ್ಬ ಯುವಕ ನಿಂತಿದ್ದಾನೆ. ಅಂಗಳದ ಒಂದು ಬದಿಗೆ ಅವನ ಅಕ್ಕ ಕೆಂಪು ಸೀರೆಯುಟ್ಟು ನಿಂತಿದ್ದಾಳೆ. ದೆವ್ವ ಗಿವ್ವ ಏನಲ್ಲ, ಊಟಕ್ಕೆ ಕರೆಯಲು ಬಂದಿರುವ ಬರಿಯ ಅಕ್ಕ. ಇಬ್ಬರೂ ಮಾತಾಡುತ್ತಿದ್ದಾರೆ. ಅತ್ತೆಯವರು ಮುಂದಕ್ಕೆ ಬಾಗಿ ಕೂತು ನೋಡುತ್ತಿದ್ದವರು ಮೆಚ್ಚುಗೆಯಿಂದ ತಲೆದೂಗಿದರು.

"ಭಾಳ ಚೆನ್ನಾಗಿ ತೆಗ್ದವ್ನೆ," ಎಂದರು. "ದೆವ್ವಾನ ತೋರಿಸ್ದೇನೇ ಅದರ ಜೊತೆ ಮಾತಾಡಿಸ್ತಾವ್ನೆ ನೋಡು. ಬರೀ ಧ್ವನಿ. ಖಾಲಿ ಅಂಗಳ."

ಮಾನ್ಯರೇ, ಇಷ್ಟು ವರ್ಷ ತಮ್ಮ ಕೃಪೆಯಿಂದ ನೂರಾರು ದೆವ್ವಗಳನ್ನು ನೋಡಿದ್ದೇನೆ. ನನ್ನ ಕೈಕಾಲು ನಿಜಕ್ಕೂ ತಣ್ಣಗಾಗಿದ್ದು ಆ ಬಿಸಿಲಿನ ಅಂಗಳದಲ್ಲಿ. ಕೆಂಪು ಸೀರೆ ಬೆಂಕಿಯ ಹಾಗೆ ಉರಿಯುತ್ತಿತ್ತು. ನಾನು ಅತ್ತೆಯವರ ಮುಖ ನೋಡಿದೆ, ತೆರೆ ನೋಡಿದೆ, ಮತ್ತೆ ಅವರ ಮುಖ ನೋಡಿದೆ. "ಹೌದು ಅತ್ತೆ," ಎಂದೆ, "ಚೆನ್ನಾಗಿ ತೆಗೆದಿದಾನೆ." ನನ್ನ ಧ್ವನಿ ಸರಿಯಾಗಿಯೇ ಬಂತು.

ಮುಂದಿನ ದಿನಗಳಲ್ಲಿ ಅವರನ್ನು ಗಮನಿಸಿದೆ. ಹಜಾರದ ಕುರ್ಚಿಯನ್ನು ಯಾರಾದರೂ ಸ್ವಲ್ಪ ಸರಿಸಿದ್ದರೆ ಅವರ ಮೊಣಕಾಲು ಅದಕ್ಕೆ ತಾಗುತ್ತಿತ್ತು. ಪಕ್ಕದಿಂದ ಲೋಟ ಚಾಚಿದರೆ ತೆಗೆದುಕೊಳ್ಳುತ್ತಿರಲಿಲ್ಲ, ಎದುರಿಗೆ ಹಿಡಿದರೆ ತೆಗೆದುಕೊಳ್ಳುತ್ತಿದ್ದರು. ಬೀಗದಕೈಗಳನ್ನು ನೋಡದೆ ಬೆರಳಿನಿಂದ ಸವರಿ ಆರಿಸುತ್ತಿದ್ದರು. ಅದನ್ನು ನಾನು ಗತ್ತು ಎಂದುಕೊಂಡಿದ್ದೆ. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, "ಅತ್ತೆ, ನಿಮಗೆ ಕಣ್ಣು ಕಾಣಿಸ್ತಿಲ್ಲ," ಎಂದೆ. ಈ ಮನೆಗೆ ಬಂದ ಮೇಲೆ ಅವರಿಗೆ ನಾನು ಎದುರು ನಿಂತು ಹೇಳಿದ ಮೊದಲ ಮಾತು ಅದು.

ಅವರು ಆಶ್ಚರ್ಯಪಡಲಿಲ್ಲ. ತಿಳಿಯದೆ ಬಟ್ಟೆ ಮಡಚುತ್ತಿದ್ದವಳು ಅವರಲ್ಲ, ನಾನು. ಅವರಿಗೆ ಬಹಳ ಹಿಂದೆಯೇ ಗೊತ್ತಿತ್ತು.

"ಮಹಾಂತೇಶನಿಗೆ ಹೇಳಬೇಡ," ಎಂದರು. "ಇವರಿಗಂತೂ ಹೇಳಲೇಬೇಡ. ಹೇಳಿದ ದಿನಾನೇ ಒಲೆ ಹತ್ರ ಹೋಗಬೇಡ ಅಂತಾರೆ, ಮಾರನೇ ದಿನ ಬೀಗದಕೈ ಕೊಡು ಅಂತಾರೆ. ಆಮೇಲೆ ಒಂದು ಕುರ್ಚಿ ಹಾಕಿ ಕೂರಿಸ್ತಾರೆ. ಬಂದೋರೆಲ್ಲ ನನ್ನ ಮುಂದೆ ನಿಂತ್ಕಂಡು ನಾನು ಯಾರು ಹೇಳಿ ನೋಡೋಣ ಅಂತಾರೆ. ನಂಗೆ ಅದು ಬೇಡ ಕಣಮ್ಮ."

ಡಾಕ್ಟರಿಗಾದರೂ ತೋರಿಸೋಣವೆಂದರೆ, ಅರಸೀಕೆರೆಯಲ್ಲಿ ಕಣ್ಣಿನ ಡಾಕ್ಟರ ಮೆಟ್ಟಿಲು ಹತ್ತಿದರೆ ಇಳಿಯುವಷ್ಟರಲ್ಲಿ ಮಂಡಿಗೆ ಸುದ್ದಿ ಮುಟ್ಟಿರುತ್ತದೆಂದರು. ನಾನು ಬೇಡಿಕೊಂಡೆ, ಕಣ್ಣೀರು ಹಾಕಿದೆ. ಅವರು ಕೊತ್ತಂಬರಿ ಸೊಪ್ಪು ಹೆಚ್ಚುತ್ತಾ ಕೂತರು. ಕೈಗೆ ಪೆಟ್ಟಾಗದಂತೆ ಎಷ್ಟು ನಿಧಾನವಾಗಿ ಹೆಚ್ಚುತ್ತಾರೆಂಬುದು ಅಂದು ನನಗೆ ಕಾಣಿಸಿತು.

ಅವರನ್ನು ಒಪ್ಪಿಸಿದ ಪುಣ್ಯ ತಮ್ಮದು. ಆ ವಾರದ ಶನಿವಾರ ತಾವು ಎಂದಿನಂತೆ ಮಹಡಿ ಮನೆಯ ಸಿನಿಮಾ ಹಾಕಿದಿರಿ, ಎಂದಿನಂತೆ ಮೇಲೆ ಏನೋ ಉರುಳಿತು, ಎಂದಿನಂತೆ ನಾಯಕಿ ಮೋಂಬತ್ತಿ ಹಿಡಿದು ಒಬ್ಬಳೇ ಹೊರಟಳು. ಅತ್ತೆಯವರು ಅಭ್ಯಾಸಬಲದಿಂದ, "ಮನೇಲಿರೋರನ್ನ ಎಬ್ಬಿಸಬಾರದಾ?" ಎಂದರು.

"ನೀವು ಎಬ್ಬಿಸ್ತಿದೀರಾ ಅತ್ತೆ?" ಎಂದೆ.

ನಾಯಕಿ ಮೇಲೆ ಹೋಗಿ ಸತ್ತಳೋ ಬದುಕಿದಳೋ ನಾವಿಬ್ಬರೂ ನೋಡಲಿಲ್ಲ. ಕಾಲರಿನ ಹೆಂಗಸು ಬಂದು ಹೋದಳು. ಆಮೇಲೆ ಅತ್ತೆಯವರು, "ಬೇಲೂರಲ್ಲಿ ಡಾಕ್ಟ್ರು ಯಾರಾದ್ರೂ ಅವ್ರಾ?" ಎಂದು ಕೇಳಿದರು.

ದೇವಸ್ಥಾನ ನೋಡಿಬರುತ್ತೇವೆಂದು ಗಂಡಸರಿಗೆ ಹೇಳಿ ಬೆಳಗಿನ ಬಸ್ಸು ಹತ್ತಿದೆವು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ನಮ್ಮ ತವರಿನ ಕಡೆಯವರು ಯಾರಾದರೂ ಹತ್ತಿಬಿಟ್ಟಾರೆಂದು ನಾನು ಸೆರಗಿನಿಂದ ಮುಖ ಮರೆಮಾಡಿಕೊಂಡೆ. ಬೇಲೂರಿನ ಡಾಕ್ಟರು ಶ್ರೀಜಾ ಎಂಬ ಚಿಕ್ಕ ವಯಸ್ಸಿನವರು. ಕಣ್ಣಿಗೆ ಔಷಧಿ ಬಿಟ್ಟು, ಯಂತ್ರದ ಮುಂದೆ ಕೂರಿಸಿ, ಬಹಳ ಹೊತ್ತು ನೋಡಿದರು. ಆ ಕೋಣೆಯನ್ನು ಕತ್ತಲೆ ಮಾಡಿದ್ದರು, ಯಂತ್ರ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು, ಪಿಟೀಲು ಇರಲಿಲ್ಲ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆ, ಗ್ಲಾಕೋಮಾ, ನೋಟ ಅಂಚುಗಳಿಂದ ಒಳಗೆ ಕುಗ್ಗುತ್ತಾ ಬಂದಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದಿರುವುದನ್ನು ದಿನವೂ ಡ್ರಾಪ್ಸ್ ಹಾಕಿಕೊಂಡು ಕಾಪಾಡಿಕೊಳ್ಳಬಹುದು ಎಂದರು. "ಸ್ವಲ್ಪ ಮೊದಲೇ ಬರಬೇಕಿತ್ತಮ್ಮ," ಎಂದರು. ಗದರಿಸದೆ, ಮೆಲ್ಲಗೆ ಹೇಳಿದ್ದಕ್ಕೇ ಅದು ಹೆಚ್ಚು ನೋವಾಯಿತು.

ವಾಪಸು ಬರುವ ಬಸ್ಸು ಹಳೇಬೀಡು ತಲುಪಿತು. ಅಲ್ಲಿ ಅತ್ತೆಯವರು ಇದ್ದಕ್ಕಿದ್ದಂತೆ, "ಇಳಿ," ಎಂದರು. "ದೇವಸ್ಥಾನ ಅಂತ ಸುಳ್ಳು ಹೇಳಿ ಬಂದಿದ್ದೀವಿ. ಅರ್ಧನಾದ್ರೂ ನಿಜ ಆಗ್ಲಿ."

ಈಶ್ವರನಿಗೆ ಕೈ ಮುಗಿದು ಹೊರಗೋಡೆ ಸುತ್ತುವಾಗ, ಕುಣಿಯುವ ಭೈರವನ ಹತ್ತಿರ ನಿಂತರು. ಅವನ ಪಕ್ಕದಲ್ಲಿ ಪಕ್ಕೆಲುಬು ಎದ್ದ ಬೇತಾಳಗಳಿರುವುದು ಅವರಿಗೆ ನೆನಪಿತ್ತು. "ನಂಗೆ ಭೈರವ ಮಸಕು ಮಸಕಾಗಿ ಕಾಣ್ತಾನೆ. ಆ ಕಡೆಯೋರು ಕಾಣಲ್ಲ. ಹೆಂಗವ್ರೆ ಹೇಳು," ಎಂದರು. ನಾನು ಹೇಳಿದೆ. ಒಬ್ಬನ ಹೊಟ್ಟೆ ಬೆನ್ನಿಗಂಟಿದೆ, ಕಣ್ಣು ಗುಂಡಿ, ಹಲ್ಲು ಬಿಟ್ಟುಕೊಂಡಿದ್ದಾನೆ, ನಗುತ್ತಿದ್ದಾನೋ ಹಸಿದಿದ್ದಾನೋ ಗೊತ್ತಾಗುವುದಿಲ್ಲ, ಯಾರೋ ಈಗಷ್ಟೇ ಕರೆದರೆಂಬಂತೆ ಕತ್ತು ನಮ್ಮ ಕಡೆ ತಿರುಗಿಸಿದ್ದಾನೆ ಎಂದೆ. ಅತ್ತೆಯವರು ಒಂದು ಹೆಜ್ಜೆ ಹಿಂದೆ ಸರಿದರು. "ಮ್ಯೂಸಿಕ್ ಇಲ್ಲ, ಲೈಟ್ ಇಲ್ಲ. ಕಲ್ಲಲ್ಲಿ ನಿಂತು ಇಷ್ಟು ಹೆದರಿಸ್ತಾವ್ನೆ," ಎಂದರು. ಆಮೇಲೆ ನನ್ನ ತೋಳು ಹಿಡಿದುಕೊಂಡು, "ನೀನು ಚೆನ್ನಾಗಿ ಹೇಳ್ತೀಯ," ಎಂದರು. ತಮ್ಮ ಸಂಸ್ಥೆಯಲ್ಲಿ ಕೊಡುವ ಯಾವ ಪ್ರಶಸ್ತಿಗೂ ನಾನು ಇನ್ನು ಅರ್ಜಿ ಹಾಕಬೇಕಿಲ್ಲ.

ಮನೆಗೆ ಬಂದು ಅತ್ತೆಯವರೇ ಎಲ್ಲರನ್ನೂ ಕೂರಿಸಿ ಹೇಳಿದರು. ಮಹಾಂತೇಶರು ನನ್ನ ಮೇಲೆ ಕೋಪ ಮಾಡಿಕೊಂಡರು, ಮುಚ್ಚಿಟ್ಟಿದ್ದಕ್ಕೆ. ಆಮೇಲೆ ತಮ್ಮ ಮೇಲೆ ತಾವೇ ಮಾಡಿಕೊಂಡರು, ನೋಡದೇ ಹೋಗಿದ್ದಕ್ಕೆ. ಮಾವನವರು, "ಬೀಗದಕೈ ನಿನ್ನ ಹತ್ರಾನೇ ಇರ್ಲಿ. ನಂಗೆ ಯಾವುದು ಯಾವ ಬೀಗದ್ದು ಅಂತ ಇವತ್ತಿಗೂ ಗೊತ್ತಿಲ್ಲ," ಎಂದರು. ಅತ್ತೆಯವರು ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ಆ ದಿನ ಮೊದಲ ಸಲ ನೋಡಿದೆ. ಈಗ ಬೆಳಗ್ಗೆ ಸಂಜೆ ಡ್ರಾಪ್ಸ್ ಹಾಕುವುದು ಮಾವನವರ ಕೆಲಸ. ಪ್ರತಿ ಸಲವೂ ಅರ್ಧ ಕೆನ್ನೆಗೆ ಬೀಳುತ್ತದೆ.

ಶನಿವಾರಗಳು ಮಾತ್ರ ಮೊದಲಿಗಿಂತ ಮೇಲಾದವು. ತೆರೆಯ ಮೇಲಿದ್ದುದನ್ನು ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ತಮ್ಮ ದೆವ್ವಗಳಲ್ಲಿ ಎಷ್ಟೋ ಬಡಕಲಾಗಿರುತ್ತಿದ್ದವು, ಅವಕ್ಕೆ ನಾನು ಸ್ವಲ್ಪ ಉಗುರು ಬೆಳೆಸುತ್ತಿದ್ದೆ, ಪಾದ ತಿರುಗಿಸುತ್ತಿದ್ದೆ, ಒಂದೊಂದು ಸಲ ನಮ್ಮ ಬೀದಿಯ ಯಾರದಾದರೂ ಮುಖ ಕೊಡುತ್ತಿದ್ದೆ. ಆದರೆ ಅವರ ಕಿವಿಗೆ ಮೋಸ ಮಾಡಲಾಗುತ್ತಿರಲಿಲ್ಲ. ದೆವ್ವ ಕಿಟಕಿಯಿಂದ ಬಂತೆಂದರೆ, "ಸುಳ್ಳು. ಸದ್ದು ಬಾಗಿಲ ಕಡೆಯಿಂದ ಬಂತು," ಎನ್ನುತ್ತಿದ್ದರು. ಒಳ್ಳೆಯ ದೆವ್ವದ ಸಿನಿಮಾವನ್ನು ಕಣ್ಣು ಮುಚ್ಚಿ ಪರೀಕ್ಷಿಸಬೇಕೆಂದು ನಾನು ಕಲಿತದ್ದು ಆಗ. ಬರೀ ಮುಖ ತೋರಿಸಿ ಹೆದರಿಸುವ ಚಿತ್ರಗಳು ಅಲ್ಲಿಯೇ ಸತ್ತುಹೋಗುತ್ತಿದ್ದವು. ಪಕ್ಕದ ಕೋಣೆಯಲ್ಲಿ ಯಾರೋ ಉಸಿರಾಡುವುದು, ಖಾಲಿ ಮನೆಯಲ್ಲಿ ಲೋಟ ಕೆಳಗಿಡುವ ಸದ್ದು, ಇಂಥವುಗಳಿದ್ದ ಚಿತ್ರಗಳು ಉಳಿಯುತ್ತಿದ್ದವು.

ಇಂಥ ಸುಖದ ದಿನಗಳಲ್ಲಿ ತಾವು ಹೊಸ ಸಂಭ್ರಮವನ್ನು ಕಳಿಸಿಕೊಟ್ಟಿರಿ.

ಬದಲಾವಣೆ ನಮಗೆ ತಿಳಿದಿರಲಿಲ್ಲ. ಎರಡು ಗಂಟೆಗೆ ಎಂದಿನಂತೆ ಕೂತೆವು. ಗಂಟೆ ಬಡಿಯಿತು, ಪಿಟೀಲು ಕುಯ್ಯಿತು, ಗುಡುಗಿತು. ನಾನು ಕುಕ್ಕರ್ ಇಳಿಸಲು ಒಳಗೆ ಹೋಗಿದ್ದೆ. ಒಬ್ಬ ಹೆಂಗಸು ಹಲ್ಲು ಕಡಿಯುತ್ತಾ ಈ ಮನೆಯಲ್ಲಿ ಒಬ್ಬರನ್ನೂ ಉಳಿಸುವುದಿಲ್ಲ ಎನ್ನುವುದು, ಲೋಟಕ್ಕೆ ಏನೋ ಸುರಿಯುವುದು, ಆಮೇಲೆ ಅವಳ ನಗು, ಎಲ್ಲವೂ ಅಡುಗೆಮನೆಗೆ ಕೇಳಿಸಿತು. ನಾನು ಬಂದು ಕೂತಾಗ ಅತ್ತೆಯವರು ಸಂತೋಷವಾಗಿದ್ದರು.

"ದೆವ್ವ ಚೆನ್ನಾಗೈತೆ. ಯಾರ ಮೈಮೇಲೆ ಬಂದೈತೆ?"

ನಾನು ತೆರೆ ನೋಡಿದೆ. "ದೆವ್ವ ಅಲ್ಲ ಅತ್ತೆ. ಅವರು ಅತ್ತೆ."

"ಯಾರ ಅತ್ತೆ?"

"ಆ ಹಾಲು ಕುಡೀತಿರೋ ಹುಡುಗಿಯ ಅತ್ತೆ. ಧಾರಾವಾಹಿ ಇದು."

ಅತ್ತೆಯವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಹುಡುಗಿ ಹಾಲು ಕುಡಿದು, ಥ್ಯಾಂಕ್ಸ್ ಅತ್ತೆ ಎಂದಳು. "ದೆವ್ವ ಬಂದಿದ್ರೆ ಬೇವಿನ ಸೊಪ್ಪಲ್ಲಿ ಬಿಡಿಸಬೌದಿತ್ತು," ಎಂದರು ನಮ್ಮತ್ತೆ. "ಇದು ಸ್ವಂತ ಬುದ್ಧಿ."

ಮಾನ್ಯರೇ, ತಮ್ಮ ಗ್ರಾಹಕ ಸೇವೆಗೆ ಫೋನು ಮಾಡಿದೆ. ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದ ಹೆಣ್ಣುಧ್ವನಿ, ಒತ್ತಿದ ಮೇಲೆ ಹಿಂದಿಯಲ್ಲಿ ಮಾತಾಡಿತು. ನಮ್ಮ ಪ್ರತಿನಿಧಿಗಳೆಲ್ಲ ಬೇರೆಯವರೊಂದಿಗೆ ಮಾತಾಡುತ್ತಿದ್ದಾರೆ, ಕಾಯಿರಿ ಎಂದು ತಿರುಗಿ ತಿರುಗಿ ಹೇಳಿತು. ಮನುಷ್ಯರಿಲ್ಲದ ಮನೆಯಲ್ಲಿ ಒಂದು ಧ್ವನಿ ಮಾತ್ರ ಓಡಾಡಿಕೊಂಡಿರುವ ಈ ಏರ್ಪಾಡು ತಮ್ಮಲ್ಲಿ ಇಷ್ಟು ಸೊಗಸಾಗಿರುವಾಗ, ಅದನ್ನೇ ಶನಿವಾರ ಎರಡು ಗಂಟೆಗೆ ಪ್ರಸಾರ ಮಾಡಿದ್ದರೂ ನಾವು ಒಪ್ಪುತ್ತಿದ್ದೆವು.

ಆದುದರಿಂದ ತಮ್ಮಲ್ಲಿ ವಿನಂತಿ. ನಮ್ಮ ದೆವ್ವಗಳನ್ನು ದಯಮಾಡಿ ವಾಪಸು ಕಳಿಸಿಕೊಡಬೇಕು. ಸಿಗದಿದ್ದರೆ, ಸತ್ತವರು ಎಲ್ಲಿಗೂ ಹೋಗುವುದಿಲ್ಲವೆಂದು ತಾವೇ ನಮಗೆ ಕಲಿಸಿದ್ದೀರಿ, ಉಗ್ರಾಣದಲ್ಲಿ ಹುಡುಕಿಸಬೇಕು. ಮುಂದೆ ತೆಗೆಯುವ ಚಿತ್ರಗಳಲ್ಲಿ ದೆವ್ವ ಕಾಲಿಡುವಾಗ ಪಿಟೀಲಿನವರನ್ನು ಹೊರಗೆ ಕಳಿಸಬೇಕು. ಅವರ ಗಲಾಟೆಯಲ್ಲಿ ಕಣ್ಣು ಕಾಣದವರಿಗೆ ದೆವ್ವದ ಹೆಜ್ಜೆ ಕೇಳಿಸುವುದಿಲ್ಲ, ಅವರ ಪಾಲಿನ ಭಯವನ್ನು ಹಾಗೆ ಕಸಿದುಕೊಳ್ಳುವುದು ನ್ಯಾಯವಲ್ಲ. ಇದಾವುದೂ ಆಗದಿದ್ದರೆ ಸ್ವಂತ ಬುದ್ಧಿಯ ಆ ಅತ್ತೆಯವರಿಗೆ ಒಳ್ಳೆಯದೊಂದು ದೆವ್ವವನ್ನಾದರೂ ಹಿಡಿಸಿ, ಸ್ವಲ್ಪ ಮಾನವೀಯತೆ ಬರುವಂತೆ ನೋಡಿಕೊಳ್ಳಬೇಕು.

ತಮ್ಮ ಉತ್ತರಕ್ಕೆ ಕಾದು ಕೂತಿದ್ದೇವೆಂದು ತಾವು ತಿಳಿಯಬಾರದೆಂದು ಇನ್ನೊಂದು ವಿಷಯ ಬರೆಯುತ್ತೇನೆ. ಹೋದ ಶನಿವಾರ ನಾನು ಟಿ.ವಿ. ಹಾಕಲಿಲ್ಲ. ಮಧ್ಯಾಹ್ನದ ರೈಲು ಸ್ಟೇಷನ್ನಿನಲ್ಲಿ ಕೂಗಿ ಹೋಯಿತು. ಅತ್ತೆಯವರು ಬಂದು ಕೂತರು. "ಹೇಳು," ಎಂದರು. ನನ್ನ ಹತ್ತಿರ ಕತೆಯೇನೂ ಇಲ್ಲವೆಂದೆ. "ಹಂಗಾದ್ರೆ ನಾನು ಹೇಳ್ತೀನಿ ಕೇಳು," ಎಂದರು.

ದೊಡ್ಡ ಮನೆ, ಒಬ್ಬಳು ಹೆಂಗಸು. ಮನೆ ತುಂಬ ಜನ, ಹಗಲು ಹೊತ್ತು. ಬೆಳಗ್ಗೆ ಎದ್ದರೆ ಹಜಾರದ ಆ ತುದಿಯ ಗೋಡೆ ಇಲ್ಲ. ಯಾರು ತೆಗೆದುಕೊಂಡು ಹೋದರೆಂದು ಯಾರನ್ನೂ ಕೇಳುವ ಹಾಗಿಲ್ಲ, ಉಳಿದವರಿಗೆಲ್ಲ ಗೋಡೆ ಇದೆ. ಇನ್ನೊಂದು ದಿನ ಎಡಗಡೆ ನಿಂತ ಮಗ ಇಲ್ಲ, ಧ್ವನಿ ಇದೆ. ಅವಳು ಧ್ವನಿಯ ಕಡೆ ಮುಖ ಮಾಡಿ ನಗುತ್ತಾಳೆ, ಮುಖ ಸರಿಯಾದ ಕಡೆಗಿದೆಯೋ ಇಲ್ಲವೋ ತಿಳಿಯದು. ದೇವರ ಮುಂದೆ ಕೂತು ಅಂಗೈಯ ಲಿಂಗ ನೋಡಿದರೆ ನಡುವೆ ಲಿಂಗವಿದೆ, ಸುತ್ತ ತನ್ನದೇ ಬೆರಳುಗಳಿಲ್ಲ. ಯಾರೋ ದಿನವೂ ಬಂದು ಸ್ವಲ್ಪ ಸ್ವಲ್ಪವೇ ಒಯ್ಯುತ್ತಿದ್ದಾರೆ, ಸದ್ದಿಲ್ಲ. ಇವತ್ತು ಎಷ್ಟು ಉಳಿದಿದೆಯೆಂದು ನೋಡಲು ಅವಳು ಪ್ರತಿ ಬೆಳಗ್ಗೆ ಕಣ್ಣು ಬಿಡಬೇಕು. ಬಿಡುವ ಮೊದಲು ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಮಲಗಿರುತ್ತಾಳೆ.

ಇಷ್ಟು ಹೇಳಿ ನಿಲ್ಲಿಸಿದರು.

"ಹೆದರ್ಕಂಡ್ಯಾ?" ಎಂದರು.

"ಹೆದರಿದೆ ಅತ್ತೆ."

"ಹಂಗಾದ್ರೆ ಚೆನ್ನಾಗಿ ಹೇಳಿದೀನಿ. ಹೋಗು, ಕಾಫಿ ಇಡು. ನಂಗೂ ಒಬ್ಬಳೇ ಹೆದರ್ಕಂಡು ಹೆದರ್ಕಂಡು ಸಾಕಾಗಿತ್ತು."

ಕಾಫಿ ಇಟ್ಟೆ. ಇಬ್ಬರೂ ಕುಡಿದೆವು.

ತಮ್ಮ ವಾಹಿನಿಗೆ ಇನ್ನೂ ಹೊಸ ಹೊಸ ಸಂಭ್ರಮಗಳು ಮೂಡಲಿ ಎಂದು ಹಾರೈಸುತ್ತಾ,

ಎರಡು ಗಂಟೆಯ ಮಟ್ಟಿಗೆ ಮಾತ್ರ ವಿಶ್ವಾಸ ಕಳೆದುಕೊಂಡು, ಉಳಿದ ಹೊತ್ತೆಲ್ಲ ತಮ್ಮ ವಿಶ್ವಾಸಿಯಾಗಿರುವ,
ಪ್ರತಿಮಾ ಮಹಾಂತೇಶ್
ಅರಸೀಕೆರೆ

ತಾಜಾ ಕಲಂ: ದೆವ್ವದ ಹೆಸರೆತ್ತಿದರೆ ಹಜಾರ ಬಿಟ್ಟು ಹೋಗುತ್ತಿದ್ದ ನಮ್ಮ ಮಾವನವರು ತಮ್ಮ ಹೊಸ ಧಾರಾವಾಹಿಗೆ ಮನಸೋತು, ಮಂಡಿಯಿಂದ ಬೇಗ ಬಂದು ಅದರ ಸಂಜೆಯ ಮರುಪ್ರಸಾರವನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಿದ್ದಾರೆ. ಮೊನ್ನೆಯಿಂದ ಮನೆಯಲ್ಲಿ ಯಾರು ಹಾಲು ಕೊಟ್ಟರೂ ಮೊದಲು ಬೆಕ್ಕಿಗೆ ಒಂದು ಗುಟುಕು ಹಾಕಿಸಿ ನೋಡಿ ಆಮೇಲೆ ಕುಡಿಯುತ್ತಾರೆ. ಬೆಕ್ಕು ದುಂಡಗಾಗಿದೆ. "ದುರ್ಬಲ ಹೃದಯದವರು ನೋಡಬಾರದು" ಎಂಬ ಎಚ್ಚರಿಕೆಯನ್ನು ತಾವು ಇಷ್ಟು ವರ್ಷ ತಪ್ಪು ಕಾರ್ಯಕ್ರಮಕ್ಕೆ ಹಾಕುತ್ತಿದ್ದಿರಿ ಎಂಬುದನ್ನು ವಿನಯಪೂರ್ವಕವಾಗಿ ಗಮನಕ್ಕೆ ತರುತ್ತೇನೆ.